ಜೋಡುನಳಿಗೆಯ ಕುಲಚರಿತ್ರೆ: ಬ್ರಿಟನ್ನಿನ ಕೋವಿಶಿಲ್ಪದ ಒಂದು ಸಮೀಕ್ಷೆ

ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಹಳೆಯ ತಲೆಮಾರಿನವರು ಬೇಟೆಯ ಮಾತೆತ್ತಿದರೆ ಕೇಪಿನ ಕೋವಿ, ತೋಟಾ ಕೋವಿ, ಜೋಡುನಳಿಗೆ ಎಂಬ ಹೆಸರುಗಳು ಒಂದರ ಹಿಂದೊಂದು ಬರುವುದುಂಟು. ಆಡುವವರಿಗೆ ಅವು ನಿತ್ಯದ ಮಾತುಗಳು. ಆದರೆ ಅವುಗಳನ್ನು ಸಾಲಾಗಿರಿಸಿ ನೋಡಿದವನಿಗೆ, ಸಮುದ್ರಗಳಾಚೆಯ ಒಂದು ದ್ವೀಪದಲ್ಲಿ ನೂರೈವತ್ತು ವರ್ಷಗಳಷ್ಟು ಕಾಲ ನಡೆದುಬಂದ ಒಂದು ಕುಶಲವಿದ್ಯೆಯ ಅಧ್ಯಾಯಸೂಚಿಯೇ ಕೈಗೆ ಸಿಕ್ಕಂತಾಗುವುದು. ಆ ವಿದ್ಯೆ ಬ್ರಿಟನ್ನಿನ ಬೇಟೆಕೋವಿಯದು: ಒಂದು ಗುಂಡನ್ನು ದೂರಕ್ಕೆ ಎಸೆಯುವ ರೈಫಲಿನದಲ್ಲ, ಹಾರುವ ಹಕ್ಕಿಯ ಮೇಲೆ ಸಣ್ಣ ಸೀಸದ ಚರೆಗಳನ್ನು ಎರಚುವ ನುಣುಪು ನಳಿಗೆಯ ಕೋವಿಯದು. 1861ರಲ್ಲಿ ಮಾರ್ಕ್ ಕಬ್ಬನ್ನರ ಆಡಳಿತವು ಕೊಡವರನ್ನು ನಿಃಶಸ್ತ್ರೀಕರಣದ ಕಾನೂನಿನಿಂದ ಹೊರಗಿರಿಸಿತೆಂಬುದು ಕೊಡಗಿನವರೆಲ್ಲರೂ ಬಲ್ಲ ಸಂಗತಿ. ಅದೇ ವರ್ಷ ಲಂಡನ್ನಿನ ವ್ಯಾಪಾರಿಯೊಬ್ಬನು ಮಧ್ಯದಲ್ಲಿ ಕೇಪನ್ನುಳ್ಳ ತೋಟಾವನ್ನು ಆ ದೇಶದ ಮಾರುಕಟ್ಟೆಗೆ ತಂದನೆಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಹೂವೇರಿಸಿಕೊಂಡು ನಿಲ್ಲುವ ತೋಟಾ ಕೋವಿಯ ಹಿಂದೆ ಈ ಎರಡು ಚರಿತ್ರೆಗಳೂ ಉಂಟು. ಅವುಗಳಲ್ಲಿ ಎರಡನೆಯದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕೆಂದಿದ್ದೇನೆ.

ಪ್ರಶ್ನೆ ಇಷ್ಟು. ಬೇಟೆಕೋವಿಯನ್ನು ಮಾಡಿದ ದೇಶಗಳು ಅನೇಕ. ಫ್ರಾನ್ಸು, ಬೆಲ್ಜಿಯಂ, ಇಟಲಿ, ಸ್ಪೇನುಗಳಲ್ಲಿ ಈ ಕೈಗಾರಿಕೆ ಬ್ರಿಟನ್ನಿಗಿಂತ ಕಡಮೆ ಪ್ರಾಚೀನವಾದುದಲ್ಲ. ಹೀಗಿರುವಲ್ಲಿ, ಸುಮಾರು 1780ರಿಂದ 1914ರ ವರೆಗಿನ ಅವಧಿಯಲ್ಲಿ ಈ ವಸ್ತುವು ತನ್ನ ಪರಿಪೂರ್ಣ ಆಕಾರವನ್ನು ಲಂಡನ್, ಬರ್ಮಿಂಗ್‌ಹ್ಯಾಮ್, ಎಡಿನ್‌ಬರೋಗಳಲ್ಲಿಯೇ ಪಡೆದುದು ಏಕೆ? ಈ ಪ್ರಶ್ನೆಗೆ ಬಹುಮಟ್ಟಿಗೆ ಮೂರು ಬಗೆಯ ಉತ್ತರಗಳು ಪ್ರಚಾರದಲ್ಲಿವೆ. ಕೆಲವರು ಇದು ನಾಲ್ಕಾರು ಪ್ರತಿಭಾವಂತರ ಕಾರ್ಯವೆನ್ನುವರು. ಕೆಲವರು ಹಣವನ್ನು ಲೆಕ್ಕಿಸದ ಶ್ರೀಮಂತ ಆಶ್ರಯದಾತರ ಫಲವೆನ್ನುವರು. ಮತ್ತೆ ಕೆಲವರು ನೂರಾರು ಸಣ್ಣ ಕುಲುಮೆಗಳಲ್ಲಿ ಹಂಚಿಹೋಗಿದ್ದ ಶ್ರಮವಿಭಾಗದ ಫಲವೆನ್ನುವರು. ಮೂರರಲ್ಲಿಯೂ ಸತ್ಯಾಂಶವಿದೆ, ಆದರೆ ಕೋವಿಯ ಮೇಲೆ ಕೆತ್ತಿರುವ ಹೆಸರನ್ನು ಮಾತ್ರ ಓದಿ ತೃಪ್ತರಾಗುವ ಅಭ್ಯಾಸದಿಂದ ಮೂರನೆಯದಕ್ಕೆ ಸಲ್ಲಬೇಕಾದಷ್ಟು ಮಾನ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಚಕಮಕಿ ಕಲ್ಲಿನ ಕಾಲದಿಂದ ಆರಂಭಿಸೋಣ. ಹದಿನೆಂಟನೆಯ ಶತಮಾನದ ಬೇಟೆಕೋವಿಯ ನಳಿಗೆ ನಾಲ್ವತ್ತು ಅಂಗುಲಗಳಷ್ಟು ಉದ್ದವಾಗಿರುತ್ತಿದ್ದಿತು; ಮದ್ದು ನಿಧಾನವಾಗಿ ಉರಿಯುತ್ತಿದ್ದುದರಿಂದ ಅದರ ಬಲವೆಲ್ಲ ಚರೆಗೆ ಸೇರಬೇಕಾದರೆ ಅಷ್ಟು ಉದ್ದ ಅನಿವಾರ್ಯವಾಗಿದ್ದಿತು. ಅಂತಹ ಎರಡು ನಳಿಗೆಗಳನ್ನು ಜೋಡಿಸಿದರೆ ಅದು ಹೊರೆಯಾಗುತ್ತಿದ್ದಿತೇ ಹೊರತು ಹಾರುವ ಹಕ್ಕಿಯನ್ನು ಹಿಂಬಾಲಿಸಬಲ್ಲ ಕೋವಿಯಾಗುತ್ತಿರಲಿಲ್ಲ. 1787ರಲ್ಲಿ ಲಂಡನ್ನಿನ ಹೆನ್ರಿ ನಾಕ್ ಎಂಬಾತನು ನಳಿಗೆಯ ಬುಡದಲ್ಲಿ ಒಂದು ಚಿಕ್ಕ ಕೋಣೆಯನ್ನು ರಚಿಸಿ, ಕಿಡಿಯು ಮದ್ದಿನ ನಡುವಿಗೆ ನೇರವಾಗಿ ತಗಲುವಂತೆ ಮಾಡಿ, ಅದಕ್ಕೆ ಪೇಟೆಂಟನ್ನು ಪಡೆದನು. ಮದ್ದು ಬೇಗನೆ ಹೊತ್ತಿಕೊಂಡಿತು, ನಳಿಗೆ ಮೂವತ್ತು ಅಂಗುಲಕ್ಕೆ ಇಳಿಯಿತು, ಜೋಡುನಳಿಗೆ ಸಾಧ್ಯವಾಯಿತು. ನೋಡುವುದಕ್ಕೆ ಸಣ್ಣದಾದ ಈ ಬದಲಾವಣೆಯಿಲ್ಲದಿದ್ದರೆ ಮುಂದಿನ ಚರಿತ್ರೆಯೇ ಇರುತ್ತಿರಲಿಲ್ಲವೆಂದರೆ ಅತ್ಯುಕ್ತಿಯಾಗಲಾರದು.

ಹೀಗೆ ಸಾಧ್ಯವಾದುದನ್ನು ಸುಂದರವಾಗಿಸಿದವನು ಜೋಸೆಫ್ ಮ್ಯಾಂಟನ್. ಅವನ ಅಣ್ಣ ಜಾನ್ ಮ್ಯಾಂಟನ್ನನೂ ಲಂಡನ್ನಿನ ಡೋವರ್ ಬೀದಿಯಲ್ಲಿ ಉತ್ತಮ ಕೋವಿಗಳನ್ನು ಮಾಡಿದವನೇ. ಆದರೆ ಜೋಸೆಫನಲ್ಲಿ ಆಕಾರದ ವಿಷಯದಲ್ಲಿ ಒಂದು ಅಸಾಧಾರಣವಾದ ವಿವೇಚನೆ ಇದ್ದಿತು. ಅನಾವಶ್ಯಕವಾದ ಬೆಳ್ಳಿಯ ಹೂಬಳ್ಳಿಗಳನ್ನು ಅವನು ತೆಗೆದುಹಾಕಿದನು. ಉಳಿದ ಲೋಹದ ಗೆರೆಗಳನ್ನು ಎಷ್ಟು ತೀಡಿದನೆಂದರೆ, ಅಲಂಕಾರವಿಲ್ಲದಿರುವುದೇ ಅಲಂಕಾರವಾಯಿತು. 1806ರಲ್ಲಿ ಎರಡು ನಳಿಗೆಗಳ ನಡುವೆ ತುಸು ಎತ್ತರಿಸಿದ ಪಟ್ಟಿಯೊಂದನ್ನು ಕೂರಿಸಿ, ಈಡು ಗುರಿಗಿಂತ ಕೆಳಗೆ ಬೀಳುವ ದೋಷವನ್ನು ಪರಿಹರಿಸಿದನು. ಇಂದಿನ ಜೋಡುನಳಿಗೆಯನ್ನು ಭುಜಕ್ಕೇರಿಸುವಾಗ ಕಣ್ಣು ಹರಿದುಹೋಗುವ ದಾರಿ ಅಂದು ಅವನು ಹಾಕಿದ ದಾರಿಯೇ. ಇಷ್ಟಾದರೂ ಲಕ್ಷ್ಮಿ ಅವನಲ್ಲಿ ನಿಲ್ಲಲಿಲ್ಲ. ಪೇಟೆಂಟುಗಳ ವ್ಯಾಜ್ಯಗಳಲ್ಲಿಯೂ ಪ್ರಯೋಗಗಳ ವೆಚ್ಚದಲ್ಲಿಯೂ ಹಣವನ್ನು ಕಳೆದುಕೊಂಡು 1826ರಲ್ಲಿ ದಿವಾಳಿಯಾಗಿ, 1835ರಲ್ಲಿ ತೀರಿಕೊಂಡನು. ಕೆನ್ಸಲ್ ಗ್ರೀನಿನಲ್ಲಿರುವ ಅವನ ಸಮಾಧಿಯ ಲೇಖವನ್ನು ಬರೆದವನು ಅವನ ಗಿರಾಕಿಯೂ ಮಿತ್ರನೂ ಆಗಿದ್ದ ಕರ್ನಲ್ ಪೀಟರ್ ಹಾಕರ್.

ಮ್ಯಾಂಟನ್ನನು ಬಿಟ್ಟುಹೋದ ನಿಜವಾದ ಆಸ್ತಿಯು ಅವನ ಕಾರ್ಖಾನೆಯ ಬೆಂಚುಗಳ ಮುಂದೆ ಅರ ಹಿಡಿದು ನಿಂತಿದ್ದವರು. ಜೇಮ್ಸ್ ಪರ್ಡಿ, ತಾಮಸ್ ಬಾಸ್, ಜೋಸೆಫ್ ಲ್ಯಾಂಗ್, ವಿಲಿಯಂ ಮೂರ್ ಎಂಬ ಹೆಸರುಗಳೆಲ್ಲ ಆ ಒಂದೇ ಕಾರ್ಖಾನೆಯ ನೆರಳಿನಲ್ಲಿ ಬೆಳೆದವು. ನಳಿಗೆಯ ಕೆಲಸದಲ್ಲಿ ಪ್ರಖ್ಯಾತನಾದ ಚಾರ್ಲ್ಸ್ ಲ್ಯಾಂಕಾಸ್ಟರನೂ ಅವನಿಗಾಗಿ ದುಡಿದವನೇ. ಪರ್ಡಿಯು 1814ರಲ್ಲಿ ತನ್ನದೇ ಅಂಗಡಿಯನ್ನು ತೆರೆದು, ಮ್ಯಾಂಟನ್ ದಿವಾಳಿಯಾದ ವರ್ಷವೇ ಅವನು ಬಿಟ್ಟ ಆಕ್ಸ್‌ಫರ್ಡ್ ಬೀದಿಯ ಕಟ್ಟಡಕ್ಕೆ ಹೋಗಿ ಕುಳಿತನು. ನಮ್ಮ ಸಂಗೀತದಲ್ಲಿ ಒಂದು ಪರಂಪರೆಯನ್ನು ಶಿಷ್ಯರ ಶಿಷ್ಯರ ಮೂಲಕ ಗುರುತಿಸುವಂತೆ, ಲಂಡನ್ನಿನ ಉತ್ತಮ ಕೋವಿಯ ಕುಲವನ್ನು ಈ ಬೆಂಚಿನಿಂದ ಆ ಬೆಂಚಿಗೆ ಹಾದುಹೋದ ಕೈಗಳ ಮೂಲಕ ಗುರುತಿಸಬಹುದು.

ಕೇಪಿನ ಕೋವಿಯ ಕಥೆ ಲಂಡನ್ನಿನಿಂದ ದೂರದಲ್ಲಿ, ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಗ್ರಾಮದ ಪಾದ್ರಿಯ ಮನೆಯಲ್ಲಿ ಆರಂಭವಾಗುತ್ತದೆ. ಅಲೆಗ್ಸಾಂಡರ್ ಫೋರ್ಸೈತನಿಗೆ ನೀರುಹಕ್ಕಿಗಳ ಬೇಟೆಯಲ್ಲಿ ಆಸಕ್ತಿ. ಚಕಮಕಿಯ ಕಿಡಿ ಮೊದಲು ಹೊರಗಿನ ಬಟ್ಟಲಿನ ಮದ್ದಿಗೆ ಬಿದ್ದು, ಅಲ್ಲಿ ಥಟ್ಟನೆ ಬೆಳಕಾಗಿ, ಅನಂತರ ಒಳಗಿನ ಮದ್ದಿಗೆ ತಗಲುವಷ್ಟರಲ್ಲಿ ಎಚ್ಚೆತ್ತ ಹಕ್ಕಿ ತಪ್ಪಿಸಿಕೊಳ್ಳುತ್ತಿದ್ದಿತು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕಗಳನ್ನು ಆಗಿನ ವಿಜ್ಞಾನಿಗಳು ಕಂಡುಕೊಂಡಿದ್ದರಷ್ಟೆ. ಅವುಗಳನ್ನು ಮದ್ದಿಗೆ ಬದಲಾಗಿ ಬಳಸದೆ, ಮದ್ದನ್ನು ಹೊತ್ತಿಸುವ ಕಿಡಿಯಾಗಿ ಮಾತ್ರ ಬಳಸಬೇಕೆಂಬ ಸೂಕ್ಷ್ಮವು ಪಾದ್ರಿಗೆ ಹೊಳೆಯಿತು. ಲಂಡನ್ ಟವರಿನಲ್ಲಿ ಸೈನ್ಯಕ್ಕಾಗಿ ಪ್ರಯೋಗಗಳನ್ನು ನಡೆಸಿ, ಅಧಿಕಾರಿಯು ಬದಲಾದಾಗ ಅಲ್ಲಿಂದ ಹೊರಬಿದ್ದು, 1807ರಲ್ಲಿ ಪೇಟೆಂಟನ್ನು ಪಡೆದನು. ಅವನ ತತ್ತ್ವವನ್ನು ಚಿಕ್ಕ ತಾಮ್ರದ ಟೋಪಿಯೊಳಗೆ ಅಡಗಿಸಿದುದು ಅನಂತರದವರ ಕೆಲಸ. ಅದನ್ನು ಮೊದಲು ಮಾಡಿದವನು ತಾನೆಂದು ವಾದಿಸಿದವರು ಹಲವರು. ವಾದವೇನೇ ಇರಲಿ, ಆ ಟೋಪಿಯೇ ನಮ್ಮವರ ಬಾಯಲ್ಲಿ ಕೇಪು ಎನಿಸಿಕೊಂಡು ಕಾಡಿನ ಮೂಲೆಮೂಲೆಗೂ ಬಂದಿತು.

ಅದುವರೆಗೆ ಕೋವಿಯನ್ನು ಬಾಯಿಂದಲೇ ತುಂಬಬೇಕಾಗಿದ್ದಿತು: ಮದ್ದು, ಅದರ ಮೇಲೆ ಒತ್ತು, ಚರೆ, ಮತ್ತೆ ಒತ್ತು, ಪ್ರತಿಯೊಂದಕ್ಕೂ ಗಜದ ಜಡಿತ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನೆರೆದ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೆಯ ಕೋವಿ ಕಾಣಿಸಿಕೊಂಡಿತು. ಅದರ ನಳಿಗೆಗಳು ಕೀಲಿನ ಮೇಲೆ ತಗ್ಗಿ, ಬುಡ ತೆರೆದು, ಸಿದ್ಧವಾದ ತೋಟಾವನ್ನು ನುಂಗುತ್ತಿದ್ದವು. ಲಂಡನ್ನಿನ ಬಹುಪಾಲು ಕೋವಿಗಾರರು ಅದನ್ನು ಲಘುವಾಗಿ ಕಂಡರು; ಮ್ಯಾಂಟನ್ನನ ಬೆಂಚಿನಿಂದ ಬಂದ ಜೋಸೆಫ್ ಲ್ಯಾಂಗನು ಅದರ ಭವಿಷ್ಯವನ್ನು ಕಂಡು, ಆ ದಶಕದಲ್ಲಿಯೇ ತನ್ನ ಗಿರಾಕಿಗಳಿಗೆ ಮಾಡಿಕೊಡತೊಡಗಿದನು. ಇಷ್ಟು ತೆಳುವಾದ ಕೀಲು ಸಿಡಿತದ ಬಲವನ್ನು ತಾಳೀತೆ, ಬುಡ ತೆರೆಯುವ ಕೋವಿ ಬಾಯಿಂದ ತುಂಬುವ ಕೋವಿಯಷ್ಟು ಬಲವಾಗಿ ಹೊಡೆದೀತೆ ಎಂಬ ವಿವಾದವು ಪತ್ರಿಕೆಗಳನ್ನು ತುಂಬಿತು. ‘ದಿ ಫೀಲ್ಡ್’ ಪತ್ರಿಕೆಯು 1858 ಮತ್ತು 1859ರಲ್ಲಿ ಬಹಿರಂಗ ಪರೀಕ್ಷೆಗಳನ್ನು ಏರ್ಪಡಿಸಿ, ಕಾಗದದ ಗುರಿಹಲಗೆಗಳ ಮೇಲೆ ಬಿದ್ದ ಚರೆಗಳನ್ನು ಎಣಿಸಿ, ಫಲಿತಾಂಶವನ್ನು ಎಲ್ಲರ ಮುಂದಿಟ್ಟಿತು. ಮೊದಲು ಹಳೆಯ ಕೋವಿಗೆ ತುಸು ಮೇಲುಗೈ ದೊರೆತರೂ ಅಂತರ ಎಷ್ಟು ಅಲ್ಪವೆಂಬುದು ಸಾರ್ವಜನಿಕರಿಗೆ ಮನವರಿಕೆಯಾಯಿತು. ಕೋವಿಗಾರನ ಮಾತನ್ನು ನಂಬುವುದಕ್ಕಿಂತ ಎಣಿಕೆಯನ್ನು ನಂಬುವ ಈ ಪದ್ಧತಿಯು ಬ್ರಿಟಿಷ್ ಕೋವಿಯ ಉನ್ನತಿಗೆ ಒಂದು ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಅಂದಿನಿಂದ ಕೀರ್ತಿಯು ಪ್ರತಿ ಹತ್ತು ವರ್ಷಗಳಿಗೊಮ್ಮೆ ಗುರಿಹಲಗೆಯ ಮುಂದೆ ನಿಂತು ತನ್ನನ್ನು ಸಮರ್ಥಿಸಿಕೊಳ್ಳಬೇಕಾಯಿತು.

ಈ ವಿವಾದವು ಮನೆಗಳನ್ನೂ ಒಡೆಯಿತು. ಬರ್ಮಿಂಗ್‌ಹ್ಯಾಮಿನ ವಿಲಿಯಂ ಗ್ರೀನರ್ ತನ್ನ ಕಾಲದ ಶ್ರೇಷ್ಠ ಕೋವಿಗಾರನೂ ಗ್ರಂಥಕರ್ತನೂ ಆಗಿದ್ದರೂ ಬುಡ ತೆರೆಯುವ ಕೋವಿಯನ್ನು ಕಡೆಯವರೆಗೂ ಒಪ್ಪಲಿಲ್ಲ, ಮಗನಾದ ಡಬ್ಲ್ಯು. ಡಬ್ಲ್ಯು. ಗ್ರೀನರ್ ತಂದೆಯಿಂದ ಬೇರೆಯಾಗಿ, ಹೊಸ ಕೋವಿಯನ್ನೇ ನಂಬಿ, ಮುಂದೆ ಆ ವಿದ್ಯೆಯ ಬೃಹದ್ಗ್ರಂಥವನ್ನೂ ಬರೆದನು. ತಂದೆಯ ಹಟಕ್ಕೆ ಆಧಾರವಿಲ್ಲದಿರಲಿಲ್ಲ. ಆಗಿನ ಕೀಲುಗಳು ನಿಜವಾಗಿಯೂ ದುರ್ಬಲವಾಗಿದ್ದವು. ಆ ದೌರ್ಬಲ್ಯವನ್ನು ನೀಗಿದವರು ಅನಂತರದ ಹತ್ತು ಹದಿನೈದು ವರ್ಷಗಳ ಶೋಧಕರು. ಬರ್ಮಿಂಗ್‌ಹ್ಯಾಮಿನ ಹೆನ್ರಿ ಜೋನ್ಸ್ 1859ರಲ್ಲಿ ತಿರುಪಿನ ಹಿಡಿತವನ್ನು ಕಂಡುಹಿಡಿದು, ಶುಲ್ಕವನ್ನು ಸಲ್ಲಿಸಲಾಗದೆ ಪೇಟೆಂಟನ್ನು ಕಳೆದುಕೊಂಡನು. ಅವನ ಉಪಾಯದಿಂದ ಲಾಭ ಪಡೆದವರು ಇತರರು. 1863ರಲ್ಲಿ ಕಿರಿಯ ಜೇಮ್ಸ್ ಪರ್ಡಿಯು, ನಳಿಗೆಯ ಕೆಳಗಿನ ಎರಡು ಹಲ್ಲುಗಳನ್ನು ಒಂದೇ ಅಗುಳಿ ಜಾರಿ ಬಂದು ಹಿಡಿಯುವಂತೆ ಮಾಡಿದನು. 1865ರಲ್ಲಿ ಸ್ಕಾಟ್ ಮನೆತನದವರು ಹೆಬ್ಬೆಟ್ಟಿನಿಂದ ತಳ್ಳುವ ಮೇಲಿನ ಸನ್ನೆಗೆ ಆ ಅಗುಳಿಯನ್ನು ಕೂಡಿಸುವ ದಾರಿಯನ್ನು ತೋರಿಸಿದರು. ಲಂಡನ್ನಿನ ಅಗುಳಿಯೂ ಬರ್ಮಿಂಗ್‌ಹ್ಯಾಮಿನ ಸನ್ನೆಯೂ ಒಂದಾದ ಆ ಜೋಡಣೆಯೇ ಇಂದು ಜಗತ್ತಿನ ಅಸಂಖ್ಯಾತ ಕೋವಿಗಳಲ್ಲಿದೆ. ಹಿಂದೆ ಹೇಳಿದ ಮಧ್ಯಕೇಪಿನ ತೋಟಾವನ್ನು 1861ರಲ್ಲಿ ತಂದವನು ಜಾರ್ಜ್ ಡಾ. ಮೂಲಶೋಧ ಫ್ರಾನ್ಸಿನದಾದರೂ ಅದಕ್ಕೆ ಬಳಕೆಯ ಭಾಗ್ಯ ದೊರೆತುದು ಬ್ರಿಟನ್ನಿನಲ್ಲಿ.

ಈಗ ಎರಡನೆಯ ಉತ್ತರದ, ಎಂದರೆ ಆಶ್ರಯದಾತರ, ವಿಚಾರಕ್ಕೆ ಬರೋಣ. ಹಳೆಯ ಬೇಟೆಗಾರನು ನಾಯಿಯೊಡನೆ ಹೊಲಗಳಲ್ಲಿ ನಡೆದು ಹಕ್ಕಿಯನ್ನು ಎಬ್ಬಿಸುತ್ತಿದ್ದನು. ಬೇಗ ತುಂಬುವ ಕೋವಿ ಬಂದಮೇಲೆ ಈ ಕ್ರಮವೇ ತಿರುಗಿಹೋಯಿತು. ಬೇಟೆಗಾರನು ಒಂದೆಡೆ ನಿಂತನು, ಸೋವುಗಾರರು ಹಕ್ಕಿಗಳನ್ನು ಅವನ ತಲೆಯ ಮೇಲೆ ಹಾರಿಸಿದರು. 1862ರಲ್ಲಿ ಸ್ಯಾಂಡ್ರಿಂಗ್‌ಹ್ಯಾಮಿನ ಜಹಗೀರನ್ನು ಪಡೆದ ಯುವರಾಜ ಎಡ್ವರ್ಡನ ಮಾದರಿಯಿಂದ ಇದು ಶ್ರೀಮಂತವರ್ಗದ ಋತುವ್ರತವೇ ಆಯಿತು. ಲಾಹೋರಿನ ಸಿಂಹಾಸನವನ್ನು ಬಾಲ್ಯದಲ್ಲಿಯೇ ಕಳೆದುಕೊಂಡು ಇಂಗ್ಲೆಂಡಿನಲ್ಲಿ ನೆಲೆಸಬೇಕಾಗಿಬಂದ ಮಹಾರಾಜ ದುಲೀಪ್ ಸಿಂಗನು ಎಲ್ವ್‌ಡನ್ನಿನ ತನ್ನ ಜಹಗೀರಿನಲ್ಲಿ ಆ ದೇಶದ ಮೊದಲ ಸಾಲಿನ ಗುರಿಕಾರರಲ್ಲಿ ಒಬ್ಬನೆನಿಸಿಕೊಂಡನು. ಎರಡನೆಯ ಮಾರ್ಕ್ವಿಸ್ ಆಫ್ ರಿಪನ್ ತನ್ನ ಜೀವಮಾನದಲ್ಲಿ ಕೊಂದ ಪ್ರಾಣಿಪಕ್ಷಿಗಳ ಲೆಕ್ಕ 5,56,813. 1923ರಲ್ಲಿ ಅವನ ಪ್ರಾಣ ಹೋದುದೂ ಬೇಟೆಯ ಬಯಲಿನಲ್ಲಿಯೇ. ಇಂತಹವರು ಕೋವಿಗಳನ್ನು ಜೋಡಿಯಾಗಿ, ಕೆಲವೊಮ್ಮೆ ಮೂರರ ತಂಡವಾಗಿ ಮಾಡಿಸುತ್ತಿದ್ದರು. ಒಂದನ್ನು ಹಾರಿಸುವಷ್ಟರಲ್ಲಿ ಹಿಂದೆ ನಿಂತ ಸಹಾಯಕನು ಮತ್ತೊಂದನ್ನು ತುಂಬಿ ಕೈಗೀಯುತ್ತಿದ್ದನು. ಜೋಡಿಯೆಂದ ಮೇಲೆ ತೂಕ, ಸಮತೋಲ, ಟ್ರಿಗರಿನ ಒತ್ತಡ ಇವುಗಳಲ್ಲಿ ಕೂದಲೆಳೆಯಷ್ಟೂ ಭೇದವಿರಕೂಡದು. ಆಶ್ರಯದಾತನು ಹಣವನ್ನು ಕೊಟ್ಟುದಕ್ಕಿಂತ ಹೆಚ್ಚಾಗಿ ಇಂತಹ ಕಠಿಣ ಬೇಡಿಕೆಯನ್ನು ಕೊಟ್ಟನೆಂಬುದೇ ಅವನ ನಿಜವಾದ ಕೊಡುಗೆ.

ಆ ಬೇಡಿಕೆ ವೇಗದ ಬೇಡಿಕೆ. ಹೊರಗೆ ನಿಂತ, ಕೇಪನ್ನು ಹೊಡೆಯುವ ಎರಡು ಕುದುರೆಗಳನ್ನು ಪ್ರತಿಯೊಂದು ಸಾರಿಯೂ ಹೆಬ್ಬೆಟ್ಟಿನಿಂದ ಎಳೆಯುವುದು ವಿಳಂಬಕ್ಕೂ ಅಪಾಯಕ್ಕೂ ಕಾರಣವಾಗಿದ್ದಿತು. ಕುದುರೆಯನ್ನು ಒಳಗಡಗಿಸಿದ ಕೋವಿಯೊಂದನ್ನು 1871ರಲ್ಲಿ ಮರ್ಕಾಟ್ ಎಂಬಾತನು ಮಾಡಿದನಾದರೂ, ಸಮಸ್ಯೆಗೆ ಸರಳವಾದ ಪರಿಹಾರವು 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್‌ಲಿ ರಿಚರ್ಡ್ಸ್ ಸಂಸ್ಥೆಯ ವಿಲಿಯಂ ಆನ್ಸನ್ ಮತ್ತು ಜಾನ್ ಡೀಲಿ ಇವರಿಂದ ದೊರೆಯಿತು. ತುಂಬುವುದಕ್ಕಾಗಿ ನಳಿಗೆಗಳನ್ನು ಹೇಗೂ ತಗ್ಗಿಸಲೇಬೇಕಷ್ಟೆ. ಆ ತಗ್ಗುವಿಕೆಯೇ ಸನ್ನೆಯಾಗಿ ಒಳಗಿನ ಕುದುರೆಗಳನ್ನು ಎತ್ತಿ ನಿಲ್ಲಿಸುವಂತೆ ಅವರು ಮಾಡಿದರು. ಕೆಲವೇ ಭಾಗಗಳು, ಎಲ್ಲವೂ ಒಂದು ಪೆಟ್ಟಿಗೆಯೊಳಗೆ. ಆದುದರಿಂದಲೇ ಅದಕ್ಕೆ ಬಾಕ್ಸ್‌ಲಾಕ್ ಎಂಬ ಹೆಸರು ನಿಂತಿತು. ಲಂಡನ್ ಮಾತ್ರ ಪಕ್ಕದ ಫಲಕಗಳ ಮೇಲೆ ಸಿಡಿತಂತ್ರವನ್ನು ಜೋಡಿಸುವ ಸೈಡ್‌ಲಾಕನ್ನು ಬಿಡಲೊಲ್ಲದೆ, ಅದರಲ್ಲಿಯೇ ಪರಿಪೂರ್ಣತೆಯನ್ನು ಅರಸಿತು. ಹಿಂದೆ ಪರ್ಡಿಯ ಕಾರ್ಖಾನೆಯಲ್ಲಿ ದುಡಿದಿದ್ದ ಫ್ರೆಡರಿಕ್ ಬೀಸ್ಲಿ 1880ರ ತನ್ನ ಪೇಟೆಂಟಿನಲ್ಲಿ ಒಂದು ಅದ್ಭುತವಾದ ಉಪಾಯವನ್ನು ತಂದನು: ಒಂದೇ ಎರಡೆಳೆಯ ಸ್ಪ್ರಿಂಗು ಒಂದು ಎಳೆಯಿಂದ ಕುದುರೆಯನ್ನು ಹೊಡೆಯಿಸುವುದು, ಮತ್ತೊಂದು ಎಳೆಯಿಂದ, ಸನ್ನೆ ಸರಿಸಿದೊಡನೆ, ಕೋವಿಯನ್ನು ತಾನಾಗಿಯೇ ತೆರೆಯುವುದು. ತುಂಬುವ ಸಹಾಯಕನ ಕೈಗೆ ಉಳಿದುದು ಕ್ಷಣಾರ್ಧ. ಆದರೆ ಆ ಬಗೆಯ ಬೇಟೆಯಲ್ಲಿ ಕ್ಷಣಾರ್ಧವೇ ಸರ್ವಸ್ವ. ಬೀಸ್ಲಿ ಇದರ ಹಕ್ಕನ್ನು ಪರ್ಡಿ ಸಂಸ್ಥೆಗೆ ಮಾರಿದನು. ಅವನ ತಂತ್ರವು ಇಂದಿಗೂ ಆ ಸಂಸ್ಥೆಯ ಜೋಡುನಳಿಗೆಯ ಹೃದಯವಾಗಿದೆ. ಫಲಕದ ಮೇಲಿರುವುದು ಪರ್ಡಿಯ ಹೆಸರು.

ಸುಟ್ಟ ತೋಟಾವನ್ನು ಮಾತ್ರ ಎಸೆದು ಸುಡದ ತೋಟಾವನ್ನು ಉಳಿಸುವ ಎಜೆಕ್ಟರು, 1874ರ ನೀಡ್‌ಹ್ಯಾಮನ ಪ್ರಯತ್ನದಿಂದ ಮೊದಲಾಗಿ, ಸೌತ್‌ಗೇಟನ ಸರಳ ರೂಪದಲ್ಲಿ ನೆಲೆನಿಂತಿತು. ಇನ್ನು ಒಂದೇ ಟ್ರಿಗರಿನಿಂದ ಎರಡು ನಳಿಗೆಗಳನ್ನೂ ಹಾರಿಸುವ ಪ್ರಶ್ನೆ ಉಳಿದಿದ್ದಿತು. ಇದು ಅನೇಕರನ್ನು ಸೋಲಿಸಿದ್ದಿತು. ಅವರು ಮಾಡಿದ ಕೋವಿಗಳು ಒಂದೇ ಒತ್ತಿಗೆ ಎರಡೂ ಈಡುಗಳನ್ನು ಹಾರಿಸಿಬಿಡುತ್ತಿದ್ದವು. ಬಾಸ್ ಸಂಸ್ಥೆಯ ಒಡೆಯನಾಗಿದ್ದ ಜಾನ್ ರಾಬರ್ಟ್‌ಸನ್ ಕಾರಣವನ್ನು ಯಂತ್ರಕ್ಕಿಂತ ಮುಂಚೆ ಮನುಷ್ಯನ ಬೆರಳಿನಲ್ಲಿ ಹುಡುಕಿದನು. ಈಡಿನ ಒದೆತಕ್ಕೆ ಕೋವಿ ಹಿಂದೆ ಸರಿದು ಮತ್ತೆ ಮುಂದೆ ಬರುವಾಗ, ಹಾರಿಸುವವನಿಗೆ ಅರಿವಿಲ್ಲದೆಯೇ ಬೆರಳು ಮತ್ತೊಮ್ಮೆ ಒತ್ತುತ್ತದೆ. ಎಂದರೆ ಎರಡು ಈಡುಗಳಿಗೆ ವಾಸ್ತವವಾಗಿ ಮೂರು ಒತ್ತುಗಳು. ನಡುವಿನ ಅರಿಯದ ಒತ್ತನ್ನು ವ್ಯರ್ಥವಾಗಿ ನುಂಗಿಕೊಳ್ಳುವ ತಂತ್ರವನ್ನು ಅವನು 1894ರಲ್ಲಿ ಸಿದ್ಧಪಡಿಸಿದನು. 1909ರಲ್ಲಿ ಅದೇ ಸಂಸ್ಥೆಯಿಂದ, ಒಂದರ ಮೇಲೊಂದು ನಳಿಗೆಯುಳ್ಳ, ಆದರೂ ಸ್ಥೂಲವಾಗಿ ಕಾಣದ ಕೋವಿ ಹೊರಬಂದಿತು. ಎಡಿನ್‌ಬರೋದ ಜಾನ್ ಡಿಕ್ಸನ್ ಸಂಸ್ಥೆಯು ಈ ನಡುವೆ ಸಿಡಿತಂತ್ರವನ್ನೆಲ್ಲ ಟ್ರಿಗರಿನ ತಟ್ಟೆಯ ಮೇಲೆ ಕೂರಿಸಿ, ನದಿಯ ಕಲ್ಲಿನಂತೆ ದುಂಡಾದ ಮೈಯುಳ್ಳ ತನ್ನದೇ ಕೋವಿಯನ್ನು ರೂಪಿಸಿದ್ದಿತು. ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯು, ಭಾರತದ ಸೈನ್ಯದಲ್ಲಿದ್ದ ಕರ್ನಲ್ ಫಾಸ್ಬೆರಿಯ 1885ರ ಪೇಟೆಂಟಿನಂತೆ, ನಳಿಗೆಯ ಬಾಯಿಯ ಬಳಿ ಮಾತ್ರ ಸುರುಳಿಗೆರೆಗಳನ್ನು ಕೊರೆದು, ಚರೆಯನ್ನೂ ಗುಂಡನ್ನೂ ಹಾರಿಸಬಲ್ಲ ‘ಪ್ಯಾರಡಾಕ್ಸ್’ ಕೋವಿಯನ್ನು ಮಾಡಿತು. ಕೌಜುಗವೂ ಹುಲಿಯೂ ಒಂದೇ ಪೊದೆಯಿಂದ ಹೊರಡಬಹುದಾದ ನಮ್ಮ ಕಾಡುಗಳಲ್ಲಿ ಅದಕ್ಕೆ ಬೆಲೆ ಬಂದುದು ಸಹಜ.

ನಳಿಗೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಕಾಯಿಸಿ, ಹಗ್ಗದಂತೆ ಹೊಸೆದು, ಹೊಸೆದ ಪಟ್ಟಿಯನ್ನು ಸಲಾಕೆಯ ಸುತ್ತ ಸುರುಳಿಯಾಗಿ ಸುತ್ತಿ, ಸುತ್ತುಗಳ ಅಂಚುಗಳನ್ನು ಸುತ್ತಿಗೆಯಿಂದ ಬೆಸೆದು ಮಾಡುತ್ತಿದ್ದ ಡಮಾಸ್ಕಸ್ ನಳಿಗೆಯ ಮೈಮೇಲೆ, ಬಣ್ಣ ಕಟ್ಟಿದಾಗ, ಗಾಳಿಗೆ ಅಲುಗಿದ ನೀರಿನಂತಹ ಚಿತ್ತಾರ ಮೂಡುತ್ತಿದ್ದಿತು. ಸರ್ ಜೋಸೆಫ್ ವಿಟ್‌ವರ್ತನು 1865ರಲ್ಲಿ ಪೇಟೆಂಟು ಪಡೆದ, ದ್ರವಾವಸ್ಥೆಯಲ್ಲಿಯೇ ಒತ್ತಿದ ಉಕ್ಕು ಕ್ರಮೇಣ ಅದರ ಸ್ಥಾನವನ್ನು ಆಕ್ರಮಿಸಿತು. ಹಳೆಯ ನಳಿಗೆ ದುರ್ಬಲವಾದುದರಿಂದ ಸೋತಿತೆಂದು ಹಲವರು ತಿಳಿದಿದ್ದಾರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದಲ್ಲಿ ನಾನಾ ಬಗೆಯ ನಳಿಗೆಗಳನ್ನು ಒಡೆಯುವವರೆಗೂ ಹಾರಿಸಿ ನೋಡಿದಾಗ ಮೊದಲ ಸ್ಥಾನ ಬಂದುದು ಹಾಗೆ ಹೊಸೆದು ಮಾಡಿದ ಉತ್ತಮ ಇಂಗ್ಲಿಷ್ ನಳಿಗೆಗೆ. ಅದನ್ನು ಸೋಲಿಸಿದುದು ಬೆಲೆಯೂ ಶ್ರಮವೂ. ಪ್ರತಿಯೊಂದು ಬೆಸುಗೆಯೂ ಒಬ್ಬ ಮನುಷ್ಯನ ಕಣ್ಣನ್ನು ನಂಬಬೇಕಾಗಿದ್ದಿತು. ಇನ್ನು ನಳಿಗೆಯ ಬಾಯಿಯನ್ನು ಕಾಗದದ ದಪ್ಪದಷ್ಟು ಕಿರಿದಾಗಿಸಿ ಚರೆಗಳು ಚದರದಂತೆ ಹಿಡಿದಿಡುವ ‘ಚೋಕ್’ ಎಂಬ ಉಪಾಯಕ್ಕೆ ನ್ಯೂಕಾಸಲ್ಲಿನ ಪೇಪ್ 1866ರಲ್ಲಿಯೇ ಪೇಟೆಂಟು ಪಡೆದಿದ್ದರೂ, 1875ರ ಪರೀಕ್ಷೆಗಳಲ್ಲಿ ಅದರ ಶಕ್ತಿಯನ್ನು ಲೋಕಕ್ಕೆ ತೋರಿಸಿದವನು ಕಿರಿಯ ಗ್ರೀನರ್. ಕೋವಿಯ ತೂಕವು ಚರೆಯ ತೂಕದ 96 ಪಟ್ಟು ಇರಬೇಕೆಂಬ ಸೂತ್ರವನ್ನು ಪ್ರಚಾರಕ್ಕೆ ತಂದವನೂ ಅವನೇ. ಹನ್ನೆರಡು ಬೋರಿನ ಲಂಡನ್ ಕೋವಿ ಆರೂವರೆ ಪೌಂಡಿನ ಆಸುಪಾಸಿನಲ್ಲಿ ನಿಂತುದಕ್ಕೆ ಈ ಲೆಕ್ಕಾಚಾರವು ಸರಿಹೊಂದುತ್ತದೆ.

ಇಂತಹ ಕೋವಿ ಹುಟ್ಟುವ ಬಗೆಯನ್ನು ನೋಡಿದರೆ ಮೂರನೆಯ ಉತ್ತರದ ಗೌರವ ತಾನಾಗಿಯೇ ತಿಳಿಯುವುದು. ನಳಿಗೆಯವನು ಎರಡು ಕೊಳವೆಗಳನ್ನು, ಈಡುಗಳು ಒಂದೇ ಕಡೆಗೆ ಬೀಳುವಂತೆ ಕೊಂಚ ಒಳಬಾಗಿಸಿ ಬೆಸೆಯುವನು. ಆಕ್ಷನ್ ಕೆಲಸದವನು ಉಕ್ಕಿನ ದಿಮ್ಮಿಗೆ ನಳಿಗೆಯನ್ನು ಕೂಡಿಸುವನು; ಅವನ ವಿಧಾನ ಸರಳ, ಸಾಧನೆ ದುಸ್ಸಾಧ್ಯ. ಎಣ್ಣೆದೀಪದ ಕಾಡಿಗೆಯನ್ನು ಒಂದು ಭಾಗಕ್ಕೆ ಬಳಿದು ಇನ್ನೊಂದಕ್ಕೆ ಒತ್ತಿ, ಕಪ್ಪು ಹತ್ತಿದ ಉಬ್ಬನ್ನು ಅರದಿಂದ ಒಂದು ಎಳೆಯಷ್ಟು ತೀಡಿ, ಮತ್ತೆ ಬಳಿದು, ಮತ್ತೆ ಒತ್ತಿ, ಕಡೆಗೆ ಇಡೀ ಮೇಲ್ಮೈಯ ಮೇಲೆ ಕಾಡಿಗೆ ಸಮವಾಗಿ ಹತ್ತುವವರೆಗೆ ನೂರಾರು ಸಾರಿ ಹೀಗೆಯೇ ಮಾಡುವನು. ಮರದ ಕೆಲಸದವನು ಅಕ್ರೋಟಿನ ದಿಮ್ಮಿಯನ್ನು ಗಿರಾಕಿಯ ತೋಳು, ಕತ್ತು, ಕೆನ್ನೆಗಳ ಅಳತೆಗೆ ತಕ್ಕಂತೆ ಬಾಗಿಸಿ ಕೆತ್ತುವನು. ಕೆತ್ತನೆಗಾರನು ಚಿಕ್ಕ ಉಳಿಯಿಂದ ಗುಲಾಬಿಯ ಗೊಂಚಲನ್ನೂ ಸುರುಳಿಬಳ್ಳಿಯನ್ನೂ ಬಿಡಿಸುವನು. ಅನಂತರ ಉಕ್ಕನ್ನು ಮೂಳೆ ಮತ್ತು ತೊಗಲಿನ ಇದ್ದಿಲಿನಲ್ಲಿ ಹೂತು ಕಾಯಿಸಿ ನೀರಿಗಿಳಿಸಿದಾಗ ಗಡಸುತನದೊಡನೆ ನೀಲಿ, ಕಂದು, ಹೊಂಬಣ್ಣಗಳ ಮೋಡಗಳು ಅದರ ಮೇಲೆ ನಿಲ್ಲುವುವು. ಕಡೆಯವನು ಅಗಸೆ ಎಣ್ಣೆಯನ್ನು ವಾರಗಟ್ಟಲೆ ಅಂಗೈಯಿಂದ ಮರಕ್ಕೆ ಉಣಿಸುವನು. ಇವರಲ್ಲಿ ಒಬ್ಬೊಬ್ಬನೂ ವರ್ಷಗಟ್ಟಲೆ ಉಮೇದುವಾರಿ ನಡೆಸಿ, ಒಂದು ಕೆಲಸವನ್ನು ಮಾತ್ರ ಕಲಿತು, ಅದರಲ್ಲಿಯೇ ಆಯುಷ್ಯವನ್ನು ಸವೆಸಿದವನು. ಇಡೀ ಕೋವಿಯನ್ನು ಒಬ್ಬನೇ ಮಾಡಿದುದು ಅತ್ಯಂತ ವಿರಳ.

ಬರ್ಮಿಂಗ್‌ಹ್ಯಾಮಿನಲ್ಲಿ ಈ ವಿಭಾಗವು ಒಂದು ಪೇಟೆಯನ್ನೇ ಆವರಿಸಿದ್ದಿತು. ಸೇಂಟ್ ಮೇರಿ ಇಗರ್ಜಿಯ ಸುತ್ತಲಿನ ಬೀದಿಗಳಲ್ಲಿ ಲಾಕಿನವನು, ಸ್ಪ್ರಿಂಗಿನವನು, ಕುದುರೆಯವನು, ಟ್ರಿಗರಿನವನು ಒಬ್ಬೊಬ್ಬನು ಒಂದೊಂದು ಅಂಗಳದ ಹಿಂಬದಿಯಲ್ಲಿ ದುಡಿಯುತ್ತಿದ್ದನು. ಅರೆಸಿದ್ಧವಾದ ಭಾಗಗಳನ್ನು ಹುಡುಗರು ಈ ಬಾಗಿಲಿನಿಂದ ಆ ಬಾಗಿಲಿಗೆ ಹೊತ್ತೊಯ್ಯುತ್ತಿದ್ದರು. ಲಂಡನ್ನಿನ ಅಂಗಡಿಗಳಲ್ಲಿ ಮಾರಾಟವಾದ ಎಷ್ಟೋ ಕೋವಿಗಳ ಒರಟು ಭಾಗಗಳೂ, ಊರೂರಿನ ವ್ಯಾಪಾರಿಗಳ ಹೆಸರು ಹೊತ್ತ ಅಸಂಖ್ಯಾತ ಇಡೀ ಕೋವಿಗಳೂ ಇಲ್ಲಿಂದಲೇ ಹೊರಟವು. ಇವೆಲ್ಲಕ್ಕೂ ನಿಷ್ಪಕ್ಷಪಾತವಾದ ಸಾಕ್ಷಿಯೊಂದಿದ್ದಿತು. 1637ರ ರಾಜಶಾಸನವನ್ನು ಪಡೆದ ಲಂಡನ್ ಕೋವಿಗಾರರ ಸಂಘವೂ, 1813ರ ಕಾಯಿದೆಯಿಂದ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವೂ ಪ್ರತಿಯೊಂದು ನಳಿಗೆಯನ್ನೂ ವಾಡಿಕೆಗೆ ಮೀರಿದ ಮದ್ದಿನಿಂದ ಹಾರಿಸಿ, ತಾಳಿದ್ದಕ್ಕೆ ಮಾತ್ರ ಮುದ್ರೆಯನ್ನು ಒತ್ತುತ್ತಿದ್ದವು. ಅಗ್ಗದ ಕೋವಿಗೂ ರಾಜನ ಕೋವಿಗೂ ಈ ಪರೀಕ್ಷೆ ಒಂದೇ.

1913ರ ಡಿಸೆಂಬರ್ 18ರಂದು ಬಕಿಂಗ್‌ಹ್ಯಾಮ್‌ಷೈರಿನ ಹಾಲ್ ಬಾರ್ನ್ ಎಂಬಲ್ಲಿ ಐದನೆಯ ಜಾರ್ಜ್ ದೊರೆಯೂ ಸೇರಿದ್ದ ಏಳು ಮಂದಿಯ ತಂಡವು ಒಂದೇ ದಿನದಲ್ಲಿ 3,937 ಫೆಸಂಟ್ ಹಕ್ಕಿಗಳನ್ನು ಕೆಡವಿತು. ನೂರು ವರ್ಷಗಳ ವಿವೇಕವೆಲ್ಲ ಸೇರಿ ಮಾಡಿದ ಸುಂದರವಾದ ವಸ್ತುವೊಂದು ಇಂತಹ ಅವಿವೇಕದ ಸಂಹಾರದಲ್ಲಿ ಶಿಖರವನ್ನು ಮುಟ್ಟಿತೆಂಬುದು ಈ ಚರಿತ್ರೆಯ ಅತ್ಯಂತ ದುಃಖಕರವಾದ ಪುಟ. ಅದನ್ನು ಮುಚ್ಚಿಟ್ಟು ಕೋವಿಯನ್ನು ಹೊಗಳುವುದು ಪ್ರಾಮಾಣಿಕತೆಯಾಗದು. ಎಂಟು ತಿಂಗಳೊಳಗೆ ಮಹಾಯುದ್ಧ ಬಂದಿತು. ಅರ ಹಿಡಿದ ಕೈಗಳು ಯುದ್ಧಸಾಮಗ್ರಿಗೆ ತಿರುಗಿದವು, ತರುಣರು ಮರಳಲಿಲ್ಲ, ಜಹಗೀರುಗಳು ತೆರಿಗೆಯ ಭಾರಕ್ಕೆ ಒಡೆದವು. ಎರಡನೆಯ ಯುದ್ಧದ ಅನಂತರ ಲಂಡನ್ನಿನ ಮತ್ತೊಂದು ಕೋವಿಸಂಸ್ಥೆಯಾದ ವುಡ್‌ವರ್ಡ್ ಪರ್ಡಿಯಲ್ಲಿ ಲೀನವಾಯಿತು. ಗ್ರೀನರ್ ಸಂಸ್ಥೆ 1965ರಲ್ಲಿ ವೆಬ್ಲಿ ಅಂಡ್ ಸ್ಕಾಟಿನ ಕೈಸೇರಿತು. ಆ ವೆಬ್ಲಿ ಅಂಡ್ ಸ್ಕಾಟ್ ಸಹ 1979ರಲ್ಲಿ ಬೇಟೆಕೋವಿಯ ತಯಾರಿಕೆಯನ್ನು ನಿಲ್ಲಿಸಿತು. ಬರ್ಮಿಂಗ್‌ಹ್ಯಾಮಿನ ಕೋವಿಪೇಟೆಯ ಬಹುಭಾಗವನ್ನು 1960ರ ದಶಕದ ವರ್ತುಲರಸ್ತೆ ನುಂಗಿತು. ಸ್ಪೇನಿನ ಐಬಾರಿನ ಕುಶಲಿಗಳು ಅದೇ ಲಂಡನ್ ಮಾದರಿಯ ಕೋವಿಯನ್ನು ಎಷ್ಟೋ ಕಡಮೆ ಬೆಲೆಗೆ ಮಾಡಿಕೊಡಲಾರಂಭಿಸಿದರು.

ಉಳಿದವರ ಸ್ಥಿತಿ ಇಂದು ಹೇಗಿದೆ? ಪರ್ಡಿ ಸಂಸ್ಥೆಯು 1994ರಿಂದ ಸ್ವಿಟ್ಸರ್ಲೆಂಡಿನ ರಿಶ್ಮಾಂಟ್ ಸಮೂಹದ್ದು. ಹಾಲೆಂಡ್ ಅಂಡ್ ಹಾಲೆಂಡ್ 1989ರಲ್ಲಿ ಫ್ರಾನ್ಸಿನ ಶನೆಲ್ ಒಡೆತನಕ್ಕೆ ಹೋಗಿ, 2021ರಲ್ಲಿ ಇಟಲಿಯ ಬೆರೆಟ್ಟಾಗೆ ಸೇರಿತು. ಗಣಕಯಂತ್ರದ ಆಜ್ಞೆಯಂತೆ ಲೋಹವನ್ನು ಕಡಿಯುವ ಯಂತ್ರಗಳು ಒರಟು ಕೆಲಸವನ್ನು ವಹಿಸಿಕೊಂಡಿವೆ. ಕಡೆಯ ಎಳೆಯನ್ನು ಇನ್ನೂ ಕಾಡಿಗೆ ಮತ್ತು ಅರಗಳೇ ತೀಡುತ್ತವೆ. ಯಂತ್ರದಿಂದ ಪರಂಪರೆ ಕೆಟ್ಟಿತೆಂದು ಕೊರಗುವವರಿದ್ದಾರೆ. ಮ್ಯಾಂಟನ್ನನ ಕಾಲದಿಂದಲೂ ಹೊಸ ಉಪಾಯವನ್ನು ಒಪ್ಪಿದವರೇ ಈ ವಿದ್ಯೆಯನ್ನು ಬದುಕಿಸಿದರೆಂಬುದನ್ನು ಅವರು ಮರೆಯಬಾರದು. ಆದರೆ ಸೀಸದ ಪ್ರಶ್ನೆ ಗಂಭೀರವಾದುದು. ಕೆರೆಕಟ್ಟೆಗಳಿಗೂ ಹೊಲಗಳಿಗೂ ಬಿದ್ದ ಸೀಸದ ಚರೆಯನ್ನು ನುಂಗಿದ ಹಕ್ಕಿಗಳು ವಿಷವೇರಿ ಸಾಯುತ್ತವೆಂಬುದು ಸಿದ್ಧವಾದ ವಿಷಯ. ಆದಕಾರಣ ಸೀಸವನ್ನು ಬಿಡುವ ಕಡೆಗೆ ಆ ದೇಶ ಸಾಗುತ್ತಿದೆ. ಬದಲಿಗೆ ಬರುವ ಉಕ್ಕಿನ ಚರೆ ಗಡಸು. ಮೆದುವಾದ ಸೀಸಕ್ಕೆಂದು ತೆಳುವಾಗಿ ತೀಡಿದ ಹಳೆಯ ನಳಿಗೆಗಳಿಗೆ ಅದು ಒಗ್ಗದು. ಪರಿಪೂರ್ಣವಾದ ವಸ್ತುವಿಗೂ ತನ್ನ ಕಾಲದ ಆಹಾರವೇ ಬೇಕು.

ಮೂರು ಉತ್ತರಗಳನ್ನೂ ತೂಗಿ ನೋಡಿದಾಗ ನನಗೆ ತೋರುವುದಿದು. ಪ್ರತಿಭಾವಂತನು ದಾರಿಯನ್ನು ತೋರಿಸಿದನು. ಆಶ್ರಯದಾತನು ಬೇಡಿಕೆಯನ್ನು ಬಿಗಿಗೊಳಿಸಿದನು. ಆದರೆ ಫ್ರಾನ್ಸಿನಲ್ಲಿಯೂ ಪ್ರತಿಭೆಯಿದ್ದಿತು, ಆಸ್ಟ್ರಿಯದಲ್ಲಿಯೂ ಶ್ರೀಮಂತರಿದ್ದರು. ಬ್ರಿಟನ್ನಿನ ವೈಶಿಷ್ಟ್ಯವೆಂದರೆ, ಒಬ್ಬನ ಬೆಂಚಿನಿಂದ ಇನ್ನೊಬ್ಬನ ಬೆಂಚಿಗೆ ಹಾದುಬಂದ ಶಿಕ್ಷಣವೂ, ಹೆಸರಿಗೆ ಸೋಲದ ಬಹಿರಂಗ ಪರೀಕ್ಷೆಯೂ, ತನ್ನ ಒಂದು ಕೆಲಸವನ್ನು ಕಡೆಯ ಎಳೆಯವರೆಗೆ ತೀಡುವುದನ್ನು ಮಾನದ ವಿಷಯವಾಗಿ ಎಣಿಸಿದ ಸಾಮಾನ್ಯನೂ ಒಂದೇ ಕಾಲದಲ್ಲಿ ಒಂದೇ ನೆಲದಲ್ಲಿ ಕೂಡಿದುದು.

ಆ ಸಾಮಾನ್ಯನ ಗುರುತು ಪೂರ್ತಿಯಾಗಿ ಅಳಿಸಿಲ್ಲ. ಹಳೆಯ ಜೋಡುನಳಿಗೆಯೊಂದರ ಮುಂಗೈ ಮರವನ್ನು ಕಳಚಿ, ನಳಿಗೆಗಳನ್ನು ಬಿಡಿಸಿ, ಕೆಳಮೈಯನ್ನು ಬೆಳಕಿಗೆ ಹಿಡಿದರೆ ಪರೀಕ್ಷಾಗೃಹದ ಮುದ್ರೆಗಳ ಪಕ್ಕದಲ್ಲಿ ಎರಡು ಚಿಕ್ಕ ಅಕ್ಷರಗಳು ಅನೇಕ ವೇಳೆ ಕಾಣುವುವು. ಅವು ಆ ನಳಿಗೆಯನ್ನು ತೀಡಿದವನ ಹೆಸರಿನ ಮೊದಲಕ್ಷರಗಳು. ಕೋವಿಯನ್ನು ಜೋಡಿಸಿದಾಗ ಅವು ಮರದಡಿಯಲ್ಲಿ ಮರೆಯಾಗುತ್ತವೆ. ಕೊಂಡವನು ಅವುಗಳನ್ನು ನೋಡಲಿ ಎಂದು ಆತನು ಒತ್ತಿದುದಲ್ಲ. ಮುಂದೆ ಎಂದಾದರೊಂದು ದಿನ ದುರಸ್ತಿಗಾಗಿ ಅದನ್ನು ಬಿಚ್ಚುವ ಇನ್ನೊಬ್ಬ ಕೆಲಸಗಾರನಿಗೆ, ಇದು ನನ್ನ ಕೆಲಸ, ಪರೀಕ್ಷಿಸಿ ನೋಡು ಎಂದು ಹೇಳುವುದಕ್ಕೆ ಆ ಎರಡು ಅಕ್ಷರಗಳು ಸಾಕಾಗಿದ್ದವು.